ಆಕ್ಸೆಸ್ ಫೈಲಿಗೆ ಪಾಸ್‌ವರ್ಡ್ ಹಾಕಿದರೆ ಸಾಕೇ?

ಪ್ರಶ್ನೆ: ಸರ್, ನಮ್ಮದು ತಾಲ್ಲೂಕು ಕೇಂದ್ರದ ಒಂದು ಅನುದಾನಿತ ಪ್ರೌಢಶಾಲೆ. ದಾಖಲಾತಿ, ಶುಲ್ಕ, ಟಿ.ಸಿ. ಎಲ್ಲವೂ ಡೇಟಾಬೇಸ್ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ನ ಒಂದೇ ಫೈಲಿನಲ್ಲಿದೆ. ಹಿಂದೆ ಇದ್ದ ಕಂಪ್ಯೂಟರ್ ಶಿಕ್ಷಕರು ಮಾಡಿಕೊಟ್ಟದ್ದು, ಅವರೀಗ ಬೇರೆ ಕಡೆ ಹೋಗಿದ್ದಾರೆ. ಕಚೇರಿಯ 4 ಕಂಪ್ಯೂಟರುಗಳಿಂದ ಎಲ್ಲರೂ ಅದೇ ಫೈಲನ್ನು ತೆರೆದು ಕೆಲಸ ಮಾಡುತ್ತೇವೆ. ಈಚೆಗೆ ಹತ್ತನೇ ತರಗತಿ ಮಕ್ಕಳ ಪೋಷಕರ ಮೊಬೈಲ್ ನಂಬರುಗಳು ಊರಿನ ಒಂದು ಟ್ಯೂಷನ್‌ನವರಿಗೆ ಸಿಕ್ಕಿವೆ. ಒಬ್ಬ ವಿದ್ಯಾರ್ಥಿಯ ಶುಲ್ಕ ರಿಯಾಯಿತಿಯ ಮೊತ್ತವೂ ಬದಲಾಗಿತ್ತು, ಬದಲಿಸಿದವರು ಯಾರೆಂದು ಗೊತ್ತಾಗಲಿಲ್ಲ. ಇನ್ನು ಇದನ್ನೆಲ್ಲ ನೀವೇ ನೋಡಿಕೊಳ್ಳಿ ಎಂದು ಮುಖ್ಯೋಪಾಧ್ಯಾಯರು ನನಗೆ ಹೇಳಿದ್ದಾರೆ. ನಾನು ಬಿ.ಕಾಂ. ಓದಿದ ಅಧೀಕ್ಷಕಿ, ಪ್ರೋಗ್ರಾಮಿಂಗ್ ಬಾರದು. ಒಬ್ಬೊಬ್ಬರಿಗೂ ಬೇರೆ ಬೇರೆ ಅಧಿಕಾರ ಕೊಡುವ ವ್ಯವಸ್ಥೆ ಆಕ್ಸೆಸ್‌ನಲ್ಲಿದೆ ಎಂದು ಹಳೆಯ ಪುಸ್ತಕವೊಂದರಲ್ಲಿ ಓದಿದೆ, ಮೆನುವಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಪಾಸ್‌ವರ್ಡ್ ಹಾಕಿದರೆ ಸಾಕೇ?

ಉತ್ತರ: ಸಾಕಾಗುವುದಿಲ್ಲ ಮೇಡಂ. ಹಾಗೆಂದು ಪಾಸ್‌ವರ್ಡ್ ದಂಡವೂ ಅಲ್ಲ. ನಂಬರು ಹೊರಗೆ ಹೋದದ್ದು ಒಂದು ತೊಂದರೆ, ರಿಯಾಯಿತಿ ಒಳಗೇ ಬದಲಾದದ್ದು ಇನ್ನೊಂದು. ಪಾಸ್‌ವರ್ಡ್ ಇದ್ದಿದ್ದರೂ ಇವೆರಡೂ ಆಗುತ್ತಿದ್ದವು, ಏಕೆಂದರೆ ದಿನವೂ ಆ ಫೈಲಿನಲ್ಲಿ ಕೆಲಸ ಮಾಡುವವರಿಗೆ ಪಾಸ್‌ವರ್ಡ್ ಹೇಳಲೇಬೇಕಲ್ಲ. ಪಾಸ್‌ವರ್ಡ್ ಕಾಪಾಡುವುದು ಬೇರೊಂದು ಪ್ರಸಂಗದಲ್ಲಿ: ಲ್ಯಾಪ್‌ಟಾಪ್ ಕಳವಾದಾಗ, ಪೆನ್‌ಡ್ರೈವ್ ಬಸ್ಸಿನಲ್ಲಿ ಬಿದ್ದುಹೋದಾಗ, ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಾಗ. ನೀವು ಕೇಳದೆ ಬಿಟ್ಟ ಇನ್ನೂ ಒಂದಿದೆ, ಒಂದು ಬೆಳಿಗ್ಗೆ ಫೈಲೇ ತೆರೆಯದೆ ಹೋಗುವುದು. ಸಣ್ಣ ಕಚೇರಿಗಳಲ್ಲಿ ನಾನು ಹೆಚ್ಚು ಕಂಡಿರುವುದು ಇದನ್ನೇ, ಆದ್ದರಿಂದ ಅದನ್ನೂ ಸೇರಿಸಿಯೇ ಉತ್ತರ ಬರೆಯುತ್ತೇನೆ.

ಮೊದಲು ಒಂದು ಸಂಗತಿ ಸ್ಪಷ್ಟವಾಗಲಿ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಬ್ಯಾಂಕಿನಲ್ಲಿ ನೀವು ಕೌಂಟರಿನ ಹೊರಗೆ ನಿಂತು ಕೇಳುತ್ತೀರಿ, ಗುಮಾಸ್ತರು ನಿಮಗೆ ತೋರಿಸಬಹುದಾದಷ್ಟನ್ನು ಮಾತ್ರ ಒಳಗಿನಿಂದ ತಂದು ತೋರಿಸುತ್ತಾರೆ. ಎಸ್‌ಕ್ಯೂಎಲ್ ಸರ್ವರ್‌ನಂಥ ದೊಡ್ಡ ಡೇಟಾಬೇಸ್ ನಡೆಯುವುದು ಹೀಗೆ. ಆಕ್ಸೆಸ್‌ನಲ್ಲಿ ಕೌಂಟರೂ ಇಲ್ಲ, ಗುಮಾಸ್ತರೂ ಇಲ್ಲ. ಪ್ರತಿ ಕಂಪ್ಯೂಟರೂ ನೇರವಾಗಿ ಷೇರ್ ಮಾಡಿದ ಫೋಲ್ಡರಿಗೆ ಹೋಗಿ ಆ ಫೈಲಿನಿಂದ ತಾನೇ ಓದಿ, ತಾನೇ ಬರೆಯುತ್ತದೆ. ಹಾಗೆ ಬರೆಯಬೇಕಾದರೆ ಬಳಸುವ ಪ್ರತಿಯೊಬ್ಬರಿಗೂ ಆ ಫೈಲನ್ನು ಓದುವ, ತಿದ್ದುವ ಅನುಮತಿ ಬೇಕು. ಅಷ್ಟೇ ಅಲ್ಲ, ಆ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡುವ ಮತ್ತು ಅಳಿಸುವ ಅನುಮತಿಯೂ ಬೇಕು. ಯಾರಾದರೂ ಡೇಟಾಬೇಸ್ ತೆರೆದಾಗ ಅದೇ ಹೆಸರಿನ, ಕೊನೆಗೆ ಎಲ್‌ಎಸಿಸಿಡಿಬಿ ಎಂದಿರುವ ಒಂದು ಪುಟ್ಟ ಫೈಲ್ ಪಕ್ಕದಲ್ಲಿ ಹುಟ್ಟಿಕೊಳ್ಳುವುದನ್ನು ನೀವು ನೋಡಿರಬಹುದು. ಅದು ಲಾಕ್ ಫೈಲ್. ಕೊನೆಯವರು ಮುಚ್ಚಿದಾಗ ಅದು ಹೋಗುತ್ತದೆ. ಈಗ ಯೋಚಿಸಿ: ಓದಬಲ್ಲವರು ಕಾಪಿ ಮಾಡಬಲ್ಲರು. ಫೈಲಿನಲ್ಲಿ ಕೆಲಸ ಮಾಡಲು ಬಿಟ್ಟು ಕಾಪಿ ಮಾಡಲು ಮಾತ್ರ ಬಿಡದಂತೆ ತಡೆಯುವ ಗುಂಡಿ ಆಕ್ಸೆಸ್‌ನಲ್ಲೂ ಇಲ್ಲ, ವಿಂಡೋಸ್‌ನಲ್ಲೂ ಇಲ್ಲ. ಆದ್ದರಿಂದ ನಿಮ್ಮ ನಿಜವಾದ ಬೀಗ ಇರುವುದು ಫೋಲ್ಡರಿನಲ್ಲಿ. ಆಕ್ಸೆಸ್ ಒಳಗೆ ಮಾಡುವುದೆಲ್ಲ ಕೈತಪ್ಪು ಆಗದಂತೆ ನೋಡಿಕೊಳ್ಳುವ ಏರ್ಪಾಡು.

ನೀವು ಹುಡುಕಿದ ಆ ಮೆನು ಈಗ ಇಲ್ಲ. ಎಂಡಿಬಿ ಎಂಬ ಹಳೆಯ ಫೈಲ್ ರೂಪದಲ್ಲಿ ಬಳಕೆದಾರರನ್ನು, ಗುಂಪುಗಳನ್ನು ಮಾಡಿ ಒಂದೊಂದು ಟೇಬಲ್ಲಿಗೂ (ಸಾಲು, ಕಾಲಂಗಳಲ್ಲಿ ಮಾಹಿತಿ ಇರುವ ಪಟ್ಟಿಗೂ) ಬೇರೆ ಅಧಿಕಾರ ಕೊಡಬಹುದಿತ್ತು. ಆಕ್ಸೆಸ್ 2007ರಲ್ಲಿ ಎಸಿಸಿಡಿಬಿ ರೂಪ ಬಂದಾಗ ಮೈಕ್ರೋಸಾಫ್ಟ್ ಅದನ್ನು ಹೊಸ ರೂಪದಿಂದ ಕೈಬಿಟ್ಟಿತು. ಅದು ಬೇಕೆಂದು ಮತ್ತೆ ಎಂಡಿಬಿಗೆ ಹೋಗಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಅದನ್ನು ಮುರಿಯುವ ಸಾಧನಗಳು ಆಗಲೇ ಸಿಗುತ್ತಿದ್ದವು. ಎಂಡಿಬಿಯ ಪಾಸ್‌ವರ್ಡಂತೂ ಫೈಲಿನ ಆರಂಭದ ಭಾಗದಲ್ಲೇ ಹೆಸರಿಗಷ್ಟೇ ಮರೆಮಾಚಿದ ರೂಪದಲ್ಲಿ ಇರುತ್ತದೆ, ಕ್ಷಣದಲ್ಲಿ ಓದಿಬಿಡಬಹುದು. ನಿಮ್ಮ ಫೈಲ್ ಯಾವ ರೂಪದಲ್ಲಿದೆ ಎಂದು ನೋಡಲು ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆಯ್ಕೆ ಮಾಡಿ. ಕೊನೆಯಲ್ಲಿ ಎಂಡಿಬಿ ಕಂಡರೆ, ಬ್ಯಾಕಪ್ ತೆಗೆದ ಮೇಲೆ ಆಕ್ಸೆಸ್‌ನಲ್ಲಿ ತೆರೆದು 'ಸೇವ್ ಆ್ಯಸ್' ಮೂಲಕ ಎಸಿಸಿಡಿಬಿಗೆ ಬದಲಿಸಿ.

ಬ್ಯಾಕಪ್ ಮತ್ತು ತಲೆತಪ್ಪಿಸಿಕೊಂಡ ಕಾಪಿಗಳು

ಏನನ್ನೂ ಮುಟ್ಟುವ ಮೊದಲು ಬ್ಯಾಕಪ್. ಸಂಜೆ ಎಲ್ಲರೂ ಆಕ್ಸೆಸ್ ಮುಚ್ಚಿದ ಮೇಲೆ ಲಾಕ್ ಫೈಲ್ ಹೋಗಿದೆಯೇ ನೋಡಿ. ಇನ್ನೂ ಇದ್ದರೆ ಯಾರದೋ ಕಂಪ್ಯೂಟರಿನಲ್ಲಿ ಫೈಲ್ ತೆರೆದೇ ಇದೆ ಎಂದು ಲೆಕ್ಕ. ತೆರೆದಿರುವಾಗ ಮಾಡಿದ ಕಾಪಿಯನ್ನು ನಂಬುವಂತಿಲ್ಲ, ಅರ್ಧ ಬರೆದದ್ದೂ ಅದರಲ್ಲಿ ಸೇರಿರಬಹುದು. ಲಾಕ್ ಫೈಲ್ ಹೋದ ಮೇಲೆ ಕಾಪಿ ಮಾಡಿ, ಹೆಸರಿನಲ್ಲಿ ದಿನಾಂಕ ಸೇರಿಸಿ, ಆ ಕಾಪಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಅಂದಿನ ಕೊನೆಯ ಶುಲ್ಕ ರಸೀದಿ ಅದರಲ್ಲಿ ಇದೆಯೇ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸಬೇಡಿ.

ಎರಡು ಹೊರ ಹಾರ್ಡ್‌ಡಿಸ್ಕ್ ಇಟ್ಟುಕೊಂಡು ವಾರ ಬಿಟ್ಟು ವಾರ ಬದಲಿಸಿ, ಒಂದು ಯಾವಾಗಲೂ ಶಾಲೆಯ ಹೊರಗಿರಲಿ. ಕಾಪಿ ಮುಗಿದ ಕೂಡಲೇ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಜಡಿದು ಬಿಡಿಸಲು ಹಣ ಕೇಳುವ ದುಷ್ಟ ತಂತ್ರಾಂಶ) ಒಂದು ಕಂಪ್ಯೂಟರಿಗೆ ನುಗ್ಗಿತೆಂದರೆ ಆ ಕಂಪ್ಯೂಟರಿಗೆ ಬರೆಯಲು ಅನುಮತಿ ಇರುವುದನ್ನೆಲ್ಲ, ಅಂದರೆ ಷೇರ್ ಫೋಲ್ಡರನ್ನೂ ಚುಚ್ಚಿಟ್ಟ ಡಿಸ್ಕನ್ನೂ, ಕೂಡಿಯೇ ಹಾಳುಮಾಡುತ್ತದೆ. 2017ರ ಮೇನಲ್ಲಿ ವನ್ನಾಕ್ರೈ ಎಂಬ ಅಂಥದ್ದೊಂದು ಜಗತ್ತಿನಾದ್ಯಂತ ಹರಡಿದ್ದು ವಿಂಡೋಸ್‌ನ ಹಳೆಯ ಫೈಲ್ ಷೇರಿಂಗ್ ವಿಧಾನದ ಒಂದು ದೋಷದ ಮೂಲಕ. ಅದರ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ಮಾರ್ಚಿನಲ್ಲೇ ಕೊಟ್ಟಿತ್ತು. 'ಅಪ್‌ಡೇಟ್ ಹಾಕಿದರೆ ಕಂಪ್ಯೂಟರ್ ನಿಧಾನವಾಗುತ್ತದೆ' ಎನ್ನುವವರಿಗೆ ಇದನ್ನು ನೆನಪಿಸಿ. ವಿಂಡೋಸ್ 10, ಆಫೀಸ್ 2016, ಆಫೀಸ್ 2019 ಇವುಗಳಿಗೆಲ್ಲ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ ಎಂಬುದನ್ನೂ ಆಡಳಿತ ಮಂಡಳಿಯ ಕಿವಿಗೆ ಹಾಕಿ.

ಬಳಕೆಯಲ್ಲಿರುವ ಫೈಲನ್ನು ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಫೋಲ್ಡರಿನಲ್ಲಿ ಇಟ್ಟು ಎಲ್ಲರೂ ತೆರೆಯುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ. ಆ ಸೇವೆಗಳು ಇಡೀ ಫೈಲನ್ನು ಎತ್ತಿ ಇಳಿಸುತ್ತವೆ. ಇಬ್ಬರು ಒಟ್ಟಿಗೆ ಕೆಲಸ ಮಾಡಿದರೆ ಒಬ್ಬರದು ಹೋಗುತ್ತದೆ ಅಥವಾ ಫೈಲೇ ಕೆಡುತ್ತದೆ. ಎನ್‌ಕ್ರಿಪ್ಟ್ ಮಾಡಿದ (ಪಾಸ್‌ವರ್ಡ್ ಇಲ್ಲದೆ ಓದಲಾಗದ ಗೂಢ ರೂಪಕ್ಕೆ ತಿರುಗಿಸಿದ) ಬ್ಯಾಕಪ್ ಕಾಪಿಯನ್ನು ಅಲ್ಲಿಡಲು ಅಡ್ಡಿಯಿಲ್ಲ.

ಇನ್ನು ಆ ಮೊಬೈಲ್ ನಂಬರುಗಳ ವಿಚಾರ. ಯಾರೋ ಡೇಟಾಬೇಸನ್ನು ಭೇದಿಸಿದರು ಎಂದು ನನಗನ್ನಿಸುವುದಿಲ್ಲ. ಪೋಷಕರ ಸಭೆಗೆ ಮೆಸೇಜ್ ಕಳಿಸಲೆಂದು ಯಾರೋ ಆಕ್ಸೆಸ್‌ನಿಂದ ಎಕ್ಸೆಲ್‌ಗೆ ಪಟ್ಟಿ ತೆಗೆದಿರುತ್ತಾರೆ, ಅದು ವಾಟ್ಸ್‌ಆ್ಯಪ್‌ನಲ್ಲಿ ತರಗತಿ ಶಿಕ್ಷಕರಿಗೆ ಹೋಗಿರುತ್ತದೆ, ಅಲ್ಲಿಂದ ಮುಂದಕ್ಕೆ ಹೇಳಬೇಕಾಗಿಲ್ಲ. ಪ್ರತಿ ಕಂಪ್ಯೂಟರಿನಲ್ಲೂ ಕುಳಿತು ಎಕ್ಸ್‌ಪ್ಲೋರರ್‌ನ ಹುಡುಕುವ ಜಾಗದಲ್ಲಿ ನಕ್ಷತ್ರ ಚಿಹ್ನೆ, ಚುಕ್ಕಿ, ಎಸಿಸಿಡಿಬಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ಹುಡುಕಿ. ಆಮೇಲೆ ಎಂಡಿಬಿ, ಆಮೇಲೆ ಎಕ್ಸ್‌ಎಲ್‌ಎಸ್‌ಎಕ್ಸ್. ಡೆಸ್ಕ್‌ಟಾಪಿನಲ್ಲಿ ಒಂದು 'ಕಾಪಿ', ಡೌನ್‌ಲೋಡ್ಸ್‌ನಲ್ಲಿ ಒಂದು 'ಫೈನಲ್', ಡಿ ಡ್ರೈವಿನಲ್ಲಿ ಮೂರು ವರ್ಷದ ಹಿಂದಿನ ಒಂದು 'ನ್ಯೂ ಫೈನಲ್' ಹೊರಬರುತ್ತವೆ. ಮೂಲ ಫೈಲಿಗೆ ನೀವು ಎಂಥ ಬೀಗ ಹಾಕಿದರೂ ಈ ಅನಾಥ ಕಾಪಿಗಳಿಗೆ ಅದು ತಾಗುವುದಿಲ್ಲ. ಬೇಕಾದ್ದನ್ನು ಬ್ಯಾಕಪ್ ಡಿಸ್ಕಿಗೆ ಸಾಗಿಸಿ, ಉಳಿದದ್ದನ್ನು ಅಳಿಸಿ ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಇದಕ್ಕೆ ತಾಂತ್ರಿಕ ಜ್ಞಾನವೇನೂ ಬೇಡ, ಒಂದು ಮಧ್ಯಾಹ್ನ ಬೇಕು. ನಿಮ್ಮ ಶಾಲೆಯ ಮಟ್ಟಿಗೆ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ ಎಂದು ನನ್ನ ಅನಿಸಿಕೆ. ಬಿಟ್ಟುಹೋದ ಶಿಕ್ಷಕರ ಬಳಿಯೂ ಒಂದು ಕಾಪಿ ಇರುವ ಸಾಧ್ಯತೆ ಇದೆ. ಸಂಶಯದ ಧ್ವನಿಯಲ್ಲಿ ಕೇಳಬೇಡಿ. ಅವರ ಬಳಿ ಫಾರಂಗಳ ಮೂಲ ರೂಪ ಇದ್ದರೆ ಅದು ನಿಮಗೇ ಬೇಕಾಗುತ್ತದೆ.

ಫೋಲ್ಡರಿಗೆ ಬೀಗ

ಈಗ ಫೈಲನ್ನು ಎರಡು ಮಾಡಬೇಕು. ಟೇಬಲ್‌ಗಳು ಮಾತ್ರ ಇರುವ ಒಂದು, ಅದನ್ನು ಬ್ಯಾಕ್ ಎಂಡ್ ಎನ್ನುತ್ತಾರೆ. ಫಾರಂ, ವರದಿ, ಬೇಕಾದ ಮಾಹಿತಿಯನ್ನು ಆರಿಸಿಕೊಡುವ ಕ್ವೆರಿಗಳಿರುವ ಇನ್ನೊಂದು ಫ್ರಂಟ್ ಎಂಡ್. 'ಡೇಟಾಬೇಸ್ ಟೂಲ್ಸ್' ಪಟ್ಟಿಯಲ್ಲಿ 'ಮೂವ್ ಡೇಟಾ' ಭಾಗದ 'ಆಕ್ಸೆಸ್ ಡೇಟಾಬೇಸ್' ಒತ್ತಿದರೆ ಆಕ್ಸೆಸ್ ತಾನೇ ಸೀಳಿಕೊಡುತ್ತದೆ. ಬ್ಯಾಕ್ ಎಂಡಿನ ಹೆಸರಿನ ಕೊನೆಗೆ ಕೆಳಗೆರೆ ಮತ್ತು 'ಬಿಇ' ಸೇರಿರುತ್ತದೆ. ಅದು ಷೇರ್ ಫೋಲ್ಡರಿನಲ್ಲಿರಲಿ, ಫ್ರಂಟ್ ಎಂಡ್ ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ಕಾಪಿ. ವಿಜಾರ್ಡ್ ಜಾಗ ಕೇಳಿದಾಗ ಝಡ್ ಡ್ರೈವ್ ಎಂಬಂಥ ಅಕ್ಷರದ ದಾರಿ ಕೊಡದೆ, 'ನೆಟ್‌ವರ್ಕ್' ಮೂಲಕ ಕಂಪ್ಯೂಟರಿನ ಹೆಸರು ಹಿಡಿದು ಹೋಗಿ. ಇಲ್ಲದಿದ್ದರೆ ಒಬ್ಬರಲ್ಲಿ ತೆರೆದದ್ದು ಇನ್ನೊಬ್ಬರಲ್ಲಿ ತೆರೆಯುವುದಿಲ್ಲ. ಬ್ಯಾಕ್ ಎಂಡ್ ಇರುವ ಕಂಪ್ಯೂಟರಿಗೆ ವೈಫೈ ಬೇಡ, ಎಲ್ಲ ನಾಲ್ಕಕ್ಕೂ ಕೇಬಲ್ಲೇ ಇರಲಿ. ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಆಕ್ಸೆಸ್ ಫೈಲ್ ಕೆಡುತ್ತದೆ. ಆ ಕಂಪ್ಯೂಟರಿಗೆ ಯುಪಿಎಸ್ ಬೇಕು ಎಂದು ನಮ್ಮ ಊರುಗಳ ಕರೆಂಟು ಕಂಡವರಿಗೆ ಹೇಳಬೇಕಾಗಿಲ್ಲ.

ಆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಷೇರಿಂಗ್, 'ಅಡ್ವಾನ್ಸ್ಡ್ ಷೇರಿಂಗ್', 'ಪರ್ಮಿಷನ್ಸ್' ಎಂದು ಹೋಗಿ ನೋಡಿ. ಅಲ್ಲಿ 'ಎವ್ರಿವನ್', ಅದರ ಮುಂದೆ 'ಫುಲ್ ಕಂಟ್ರೋಲ್' ಎಂದಿರುವ ಸಾಧ್ಯತೆ ಹೆಚ್ಚು. ನೆಟ್‌ವರ್ಕ್ ಜೋಡಿಸಲು ಬಂದವರು 'ಷೇರ್ ಓಪನ್ ಆಗ್ತಿಲ್ಲ' ಎಂದು ಒದ್ದಾಡಿ, ಕೊನೆಗೆ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟು, 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಷೇರಿಂಗ್' ಎಂಬುದನ್ನೂ ಆಫ್ ಮಾಡಿ ಎದ್ದುಹೋಗುತ್ತಾರೆ. ಹಾಗಿದ್ದಾಗ ಶಾಲೆಯ ವೈಫೈ ಪಾಸ್‌ವರ್ಡ್ ಗೊತ್ತಿರುವ ಯಾವ ಹುಡುಗನ ಲ್ಯಾಪ್‌ಟಾಪಿನಲ್ಲೂ ನಿಮ್ಮ ಫೋಲ್ಡರು ಕಾಣಿಸಬಹುದು. ನಾನು ನಿಮ್ಮ ಜಾಗದಲ್ಲಿದ್ದರೆ ಎಲ್ಲಕ್ಕಿಂತ ಮೊದಲು ನೋಡುತ್ತಿದ್ದದ್ದು ಇದನ್ನೇ.

ಸರಿಪಡಿಸುವುದು ಹೀಗೆ. ಕಚೇರಿಯ ಪ್ರತಿಯೊಬ್ಬರಿಗೂ ಅವರದೇ ವಿಂಡೋಸ್ ಖಾತೆ, ಅವರದೇ ಪಾಸ್‌ವರ್ಡ್. ಖಾತೆ 'ಸ್ಟ್ಯಾಂಡರ್ಡ್' ಬಗೆಯದಾಗಿರಲಿ, ಅಡ್ಮಿನಿಸ್ಟ್ರೇಟರ್ ಬೇಡ. ಬ್ಯಾಕ್ ಎಂಡ್ ಇರುವ ಕಂಪ್ಯೂಟರಿನಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡಿನ ಖಾತೆಗಳನ್ನು ಮಾಡಿ. ಸರ್ವರ್ ಇಲ್ಲದ ಸಣ್ಣ ಕಚೇರಿಯಲ್ಲಿ ಒಬ್ಬರನ್ನೊಬ್ಬರು ಗುರುತಿಸುವ ದಾರಿ ಇದೇ. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಷೇರಿಂಗ್ ಆನ್ ಮಾಡಿ. ಷೇರಿಂಗ್‌ನ ಪರ್ಮಿಷನ್ಸ್‌ನಿಂದ ಎವ್ರಿವನ್ ತೆಗೆದು, ಬೇಕಾದವರ ಹೆಸರು ಸೇರಿಸಿ. ಅದಾದ ಮೇಲೆ 'ಸೆಕ್ಯುರಿಟಿ' ಎಂಬ ಇನ್ನೊಂದು ಪುಟದಲ್ಲೂ ಇದೇ ಕೆಲಸ ಆಗಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಅಲ್ಲಿ ಅವರಿಗೆ 'ಮಾಡಿಫೈ' ಸಾಕು, ಫುಲ್ ಕಂಟ್ರೋಲ್ ನಿಮಗೊಬ್ಬರಿಗೆ ಇರಲಿ. 'ಯೂಸರ್ಸ್' ಎಂಬ ಗುಂಪನ್ನು ತೆಗೆಯಲು ಹೋದಾಗ ಮೇಲಿನ ಫೋಲ್ಡರಿನಿಂದ ಬಂದ ಅನುಮತಿ ತೆಗೆಯಲಾಗದು ಎಂದು ಅದು ತಕರಾರು ಮಾಡುತ್ತದೆ. ಅಡ್ವಾನ್ಸ್ಡ್‌ಗೆ ಹೋಗಿ 'ಡಿಸೇಬಲ್ ಇನ್‌ಹೆರಿಟೆನ್ಸ್' ಒತ್ತಿ, ಇರುವ ಅನುಮತಿಗಳನ್ನು ಉಳಿಸಿಕೊಳ್ಳುವ ಮೊದಲ ಆಯ್ಕೆ ಕೊಟ್ಟು, ಬಳಿಕ ತೆಗೆಯಿರಿ. ನಿಮ್ಮ ಹೆಸರು ಮತ್ತು 'ಸಿಸ್ಟಮ್' ಎಂಬುದನ್ನು ಮಾತ್ರ ಅಪ್ಪಿತಪ್ಪಿಯೂ ತೆಗೆಯಬೇಡಿ.

ಕೆಲವರು ಓದಿದರೆ ಸಾಕು, ತಿದ್ದುವುದು ಬೇಡ ಎಂದು ಅವರಿಗೆ ಬರೀ 'ರೀಡ್' ಕೊಡುವ ಆಸೆಯಾಗುತ್ತದೆ. ಲಾಕ್ ಫೈಲ್ ಮಾಡಲಾಗದೆ ಉಳಿದವರಿಗೂ ತೊಡಕಾಗುತ್ತದೆ, ಬೇಡ. ಅಂಥವರಿಗೆ ವಾರಕ್ಕೊಂದು ಪಿಡಿಎಫ್ ವರದಿ ಕೊಡಿ.

ಒಬ್ಬೊಬ್ಬರಿಗೂ ಬೇರೆ ಅಧಿಕಾರ ಬೇಕು ಎಂಬ ನಿಮ್ಮ ಆಸೆ ಈಡೇರುವ ದಾರಿಯೂ ಈ ಫೋಲ್ಡರಿನ ಅನುಮತಿಯಲ್ಲೇ ಇದೆ. ಬ್ಯಾಕ್ ಎಂಡ್ ಒಂದೇ ಇರಬೇಕೆಂಬ ನಿಯಮವಿಲ್ಲ. ಜಾತಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಆರೋಗ್ಯದ ವಿವರ ಇಂಥ ಸೂಕ್ಷ್ಮ ಸಂಗತಿಗಳನ್ನು ಬೇರೆ ಟೇಬಲ್ಲಿಗೆ ತೆಗೆದು, ಆ ಟೇಬಲನ್ನು ಇನ್ನೊಂದು ಆಕ್ಸೆಸ್ ಫೈಲಿಗೆ ಸಾಗಿಸಿ, ಆ ಫೈಲನ್ನು ನಿಮಗೂ ಮುಖ್ಯೋಪಾಧ್ಯಾಯರಿಗೂ ಮಾತ್ರ ಅನುಮತಿ ಇರುವ ಇನ್ನೊಂದು ಫೋಲ್ಡರಿನಲ್ಲಿಡಿ. ದಾಖಲಾತಿ ಸಂಖ್ಯೆ ಎರಡೂ ಕಡೆ ಇದ್ದರೆ ಜೋಡಣೆ ಸಿಕ್ಕಿತು. ಶುಲ್ಕ ಕಟ್ಟಿಸಿಕೊಳ್ಳುವವರು ಆ ಟೇಬಲನ್ನು ತೆರೆಯಲು ಹೋದರೆ ವಿಂಡೋಸೇ ತಡೆಯುತ್ತದೆ, ಆಕ್ಸೆಸ್‌ನ ಯಾವ ಯುಕ್ತಿಯೂ ನಡೆಯುವುದಿಲ್ಲ. ಪೋಷಕರ ಮೊಬೈಲ್ ನಂಬರೂ ಅಲ್ಲಿಗೇ ಹೋಗಬಹುದೋ ನೋಡಿ. ಆಧಾರ್ ಸಂಖ್ಯೆ ಪೂರ್ತಿ ಬರೆದಿಟ್ಟಿದ್ದರೆ ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಿ, ಗುರುತು ಹಿಡಿಯುವುದಕ್ಕಷ್ಟೇ ಆದರೆ ಕೊನೆಯ 4 ಅಂಕಿ ಸಾಕಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದ ಒಳಗಿನವರೆಲ್ಲ ಮಕ್ಕಳೇ, ಸೂಕ್ತ ರಕ್ಷಣೆ ಮಾಡದಿದ್ದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ನಿಮ್ಮಂಥ ಶಾಲೆಗೆ ಅಷ್ಟು ಬೀಳುತ್ತದೆ ಎಂದು ಹೆದರಿಸುತ್ತಿಲ್ಲ. ಆಡಳಿತ ಮಂಡಳಿ ಹಾರ್ಡ್‌ಡಿಸ್ಕಿಗೆ ದುಡ್ಡು ಕೊಡಲು ಹಿಂದೆಮುಂದೆ ನೋಡಿದರೆ ಈ ಅಂಕಿ ಹೇಳಿ ನೋಡಿ.

ಇನ್ನು ಪಾಸ್‌ವರ್ಡ್

ಬ್ಯಾಕ್ ಎಂಡ್ ಫೈಲಿಗೆ ಹಾಕಿ. ಎಸಿಸಿಡಿಬಿಯಲ್ಲಿ ಪಾಸ್‌ವರ್ಡ್ ಎಂದರೆ ಬಾಗಿಲಿನಲ್ಲಿ ಕೇಳುವ ಪ್ರಶ್ನೆ ಮಾತ್ರವಲ್ಲ, ಒಳಗಿನ ದತ್ತಾಂಶವೆಲ್ಲ ಎನ್‌ಕ್ರಿಪ್ಟ್ ಆಗುತ್ತದೆ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಆಕ್ಸೆಸ್ ತೆರೆದು ಫೈಲ್, ಓಪನ್, ಬ್ರೌಸ್ ಎಂದು ಹೋಗಿ ಫೈಲನ್ನು ಆರಿಸಿ, ಓಪನ್ ಗುಂಡಿಯ ಪಕ್ಕದ ಪುಟ್ಟ ಬಾಣ ಒತ್ತಿ 'ಓಪನ್ ಎಕ್ಸ್‌ಕ್ಲೂಸಿವ್' ಕೊಡಿ. ಆಮೇಲೆ ಫೈಲ್, ಇನ್ಫೋ, 'ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್'. ಬೆರಳು ಇಡುವ ಮುಂಚೆ ನುಡಿ ಅಥವಾ ಬರಹ ಆನ್ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಪೆಟ್ಟಿಗೆಯಲ್ಲಿ ಚುಕ್ಕಿಗಳಷ್ಟೇ ಕಾಣುವುದರಿಂದ ಏನು ಟೈಪಾಯಿತೆಂದು ಗೊತ್ತಾಗುವುದಿಲ್ಲ, ಮರುದಿನ ಎಷ್ಟು ಹೊಡೆದರೂ ತೆರೆಯುವುದಿಲ್ಲ. 'ರೋ ಲೆವೆಲ್ ಲಾಕಿಂಗ್' ಕಡೆಗಣಿಸಲಾಗುವುದು ಎಂಬರ್ಥದ ಒಂದು ಸಂದೇಶ ಬರುತ್ತದೆ. ಗಾಬರಿ ಬೇಡ, ಓಕೆ ಕೊಡಿ. ಒಂದೇ ದಾಖಲೆಯ ಬದಲು ಅದರ ಅಕ್ಕಪಕ್ಕದವೂ ಸ್ವಲ್ಪ ಹೊತ್ತು ಲಾಕ್ ಆಗುತ್ತವೆ ಎಂದಷ್ಟೇ ಅರ್ಥ, ನಾಲ್ಕು ಜನರಿಗೆ ಅದು ಲೆಕ್ಕಕ್ಕಿಲ್ಲ. ಫೈಲ್ 2007ರ ಆವೃತ್ತಿಯಲ್ಲೇ ಎನ್‌ಕ್ರಿಪ್ಟ್ ಆಗಿದ್ದರೆ ಆ ಪಾಸ್‌ವರ್ಡ್ ತೆಗೆದು ಹೊಸ ಆಕ್ಸೆಸ್‌ನಲ್ಲಿ ಮತ್ತೆ ಹಾಕಿ. ಅಂದಿನ ಎನ್‌ಕ್ರಿಪ್ಷನ್ ದುರ್ಬಲ.

ಈಗ ಫ್ರಂಟ್ ಎಂಡ್ ತೆರೆದರೆ ಪಾಸ್‌ವರ್ಡ್ ಸರಿಯಿಲ್ಲ ಎಂದು ಮುಷ್ಕರ ಹೂಡುತ್ತದೆ, ಏಕೆಂದರೆ ಹಳೆಯ ಕೊಂಡಿಗಳಿಗೆ ಹೊಸ ಪಾಸ್‌ವರ್ಡ್ ಗೊತ್ತಿಲ್ಲ. ಎಡಗಡೆಯ ಪಟ್ಟಿಯಲ್ಲಿ ಟೇಬಲ್ ಹೆಸರಿನ ಪಕ್ಕ ಪುಟ್ಟ ಬಾಣದ ಗುರುತಿದ್ದರೆ ಅದು ಕೊಂಡಿ, ಅಳಿಸಿದರೆ ದತ್ತಾಂಶಕ್ಕೇನೂ ಆಗದು. ಬಾಣ ಇಲ್ಲದ್ದು ನಿಜವಾದ ಟೇಬಲ್, ಅದರ ತಂಟೆಗೆ ಹೋಗಬೇಡಿ. ಕೊಂಡಿಗಳನ್ನು ಅಳಿಸಿ, 'ಎಕ್ಸ್‌ಟರ್ನಲ್ ಡೇಟಾ' ಪಟ್ಟಿಯಿಂದ ಬ್ಯಾಕ್ ಎಂಡಿಗೆ ಮತ್ತೆ ಲಿಂಕ್ ಮಾಡಿ, ಪಾಸ್‌ವರ್ಡ್ ಒಮ್ಮೆ ಕೊಡಿ. ಆಮೇಲೆ ಅದು ಕೇಳುವುದಿಲ್ಲ. ಕೇಳದಿರುವುದಕ್ಕೆ ಕಾರಣ, ಆ ಪಾಸ್‌ವರ್ಡ್ ಫ್ರಂಟ್ ಎಂಡಿನ ಒಂದು ಅಡಗಿದ ಟೇಬಲ್ಲಿನಲ್ಲಿ ಯಾರೂ ಓದಬಹುದಾದ ಅಕ್ಷರಗಳಲ್ಲೇ ಕುಳಿತಿರುತ್ತದೆ. ಆದ್ದರಿಂದ ಫ್ರಂಟ್ ಎಂಡಿಗೂ ಬೇರೊಂದು ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿ, ಸಿಬ್ಬಂದಿಗೆ ಆ ಎರಡನೆಯದನ್ನು ಮಾತ್ರ ಹೇಳಿ. ತಿಳಿದ ಒಳಗಿನವರನ್ನು ಇದೂ ತಡೆಯುವುದಿಲ್ಲ, ಕದ್ದವರನ್ನು ತಡೆಯುತ್ತದೆ. ವಿಂಡೋಸ್ ಪ್ರೊ ಇದ್ದರೆ ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಹಾಕಿಸಿ, ಅದರ ರಿಕವರಿ ಕೀಯನ್ನು ಪ್ರಿಂಟ್ ತೆಗೆದಿಡಿ.

ಈ ಪಾಸ್‌ವರ್ಡ್ ಮರೆತರೆ ಮೈಕ್ರೋಸಾಫ್ಟ್‌ನವರೂ ತೆಗೆದುಕೊಡಲಾರರು. ಉದ್ದನೆಯದೊಂದನ್ನು ಆರಿಸಿ, ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿ, ನೀವೂ ಮುಖ್ಯೋಪಾಧ್ಯಾಯರೂ ಸಹಿ ಮಾಡಿ ಶಾಲೆಯ ತಿಜೋರಿಯಲ್ಲಿಡಿ. ಕಚೇರಿ ಬಿಟ್ಟು ಯಾರಾದರೂ ಹೋದ ದಿನವೇ ಅವರ ವಿಂಡೋಸ್ ಖಾತೆ ಮುಚ್ಚಿ, ಬ್ಯಾಕ್ ಎಂಡಿನ ಪಾಸ್‌ವರ್ಡ್ ಬದಲಿಸಿ. ವರ್ಗಾವಣೆಯ ಬೀಳ್ಕೊಡುಗೆ ಸಮಾರಂಭದ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ.

ರಿಯಾಯಿತಿ ತಿದ್ದಿದ್ದು ಯಾರು?

ಇದಕ್ಕೆ ಉತ್ತರ ನಿಮ್ಮ ಬಿ.ಕಾಂ.ನಲ್ಲೇ ಇದೆ. ಲೆಡ್ಜರಿನಲ್ಲಿ ಬರೆದದ್ದನ್ನು ಅಳಿಸಿ ಮೇಲೆ ಬರೆಯುವ ಪದ್ಧತಿ ಇಲ್ಲ, ತಪ್ಪಿದ್ದರೆ ರಿವರ್ಸಲ್ ಎಂಟ್ರಿ ಹಾಕಿ ಹೊಸದು ಬರೆಯುತ್ತೇವೆ. ನಿಮ್ಮ ಡೇಟಾಬೇಸಿನಲ್ಲಿ ರಿಯಾಯಿತಿ ಎಂಬುದು ವಿದ್ಯಾರ್ಥಿ ಟೇಬಲ್ಲಿನ ಒಂದು ಕಾಲಂ ಆಗಿರಬೇಕು, 2000 ಇದ್ದದ್ದರ ಮೇಲೆ 3000 ಬರೆದರೆ 2000ದ ಕುರುಹೇ ಉಳಿಯದು. ಆ ಕಾಲಂ ತೆಗೆದು ರಿಯಾಯಿತಿಗೇ ಒಂದು ಟೇಬಲ್ ಮಾಡಿಸಿ: ದಾಖಲಾತಿ ಸಂಖ್ಯೆ, ಮೊತ್ತ, ದಿನಾಂಕ, ಮುಖ್ಯೋಪಾಧ್ಯಾಯರ ಆದೇಶದ ಸಂಖ್ಯೆ, ಬರೆದವರ ಹೆಸರು. ಬದಲಾವಣೆ ಎಂದರೆ ಹೊಸ ಸಾಲು, ಹಳೆಯದು ಹಾಗೆಯೇ. ಫಾರಂನ ಪ್ರಾಪರ್ಟಿಗಳಲ್ಲಿ 'ಅಲೋ ಎಡಿಟ್ಸ್', 'ಅಲೋ ಡಿಲೀಷನ್ಸ್' ಎರಡಕ್ಕೂ 'ನೋ' ಕೊಟ್ಟರೆ ಸೇರಿಸಬಹುದು, ತಿದ್ದಲಾಗದು. ತಿಂಗಳ ಕೊನೆಗೆ ಆ ಟೇಬಲಿನ ಪ್ರಿಂಟ್ ತೆಗೆದು ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ. ಆ ಕಾಗದವನ್ನು ಯಾವ ಕಂಪ್ಯೂಟರಿನಿಂದಲೂ ತಿದ್ದಲಾಗುವುದಿಲ್ಲ.

ಒಂದು ಸಾಲೂ ಕೋಡ್ ಬರೆಯದೆ ಸಿಗುವ ಸೌಲಭ್ಯ ಇನ್ನೊಂದಿದೆ, ಬಹಳ ಜನರಿಗೆ ಗೊತ್ತಿಲ್ಲ. 'ಲಾಂಗ್ ಟೆಕ್ಸ್ಟ್' ಬಗೆಯ ಕಾಲಮ್ಮಿಗೆ 'ಅಪೆಂಡ್ ಓನ್ಲಿ' ಎಂಬ ಪ್ರಾಪರ್ಟಿ ಇದೆ. ಅದಕ್ಕೆ 'ಯೆಸ್' ಕೊಟ್ಟರೆ ಆ ಕಾಲಮ್ಮಿನಲ್ಲಿ ಹಿಂದೆ ಬರೆದದ್ದೆಲ್ಲ ದಿನಾಂಕ, ಸಮಯದ ಸಮೇತ ಉಳಿಯುತ್ತದೆ. ರೈಟ್ ಕ್ಲಿಕ್ ಮಾಡಿ 'ಷೋ ಕಾಲಂ ಹಿಸ್ಟರಿ' ಒತ್ತಿದರೆ ಕಾಣುತ್ತದೆ. 'ಷರಾ' ಕಾಲಮ್ಮಿಗೆ ಹೇಳಿ ಮಾಡಿಸಿದ್ದು. ಮತ್ತೆ 'ನೋ' ಕೊಟ್ಟರೆ ಚರಿತ್ರೆ ಪೂರ್ತಿ ಅಳಿಸಿಹೋಗುತ್ತದೆ, ಎಚ್ಚರ. ಎಲ್ಲ ಟೇಬಲ್‌ಗಳಲ್ಲೂ ಯಾರು ಏನು ಬದಲಿಸಿದರೆಂದು ದಾಖಲಾಗಬೇಕಾದರೆ ಆಕ್ಸೆಸ್ 2010ರಿಂದ ಬಂದ ಡೇಟಾ ಮ್ಯಾಕ್ರೋ (ದಾಖಲೆ ಬದಲಾದಾಗ ತಾನಾಗಿ ನಡೆಯುವ ಆದೇಶ) ಮತ್ತು ಫಾರಂನಲ್ಲಿ ಕೆಲವು ಸಾಲು ಕೋಡ್ ಬೇಕು. ಅದನ್ನು ಬಲ್ಲವರಿಂದ ಮಾಡಿಸಿ.

ಹಿಂದಿನ ಶಿಕ್ಷಕರು ಲಾಗಿನ್ ಫಾರಂ ಮಾಡಿಕೊಟ್ಟಿದ್ದಾರೆಯೇ? ಹಾಗಿದ್ದರೆ ಶಿಫ್ಟ್ ಕೀ ಒತ್ತಿಹಿಡಿದು ಫೈಲನ್ನು ತೆರೆದು ನೋಡಿ. ಲಾಗಿನ್ ಬಾರದೆ ಟೇಬಲ್‌ಗಳೆಲ್ಲ ಕಂಡರೆ, ಅದರಲ್ಲಿ 'ಯೂಸರ್ಸ್' ಎಂಬಂಥ ಒಂದನ್ನು ತೆರೆಯಿರಿ. ಎಲ್ಲರ ಪಾಸ್‌ವರ್ಡೂ ಸಾಲಾಗಿ ಬರೆದಿರುವ ಸಂಭವ ಉಂಟು, ಮತ್ತು ಅವರಲ್ಲಿ ಕೆಲವರು ಮೇಲ್‌ಗೂ ಅದನ್ನೇ ಇಟ್ಟುಕೊಂಡಿರುತ್ತಾರೆ. ಎಲ್ಲರಿಗೂ ಬದಲಿಸಲು ಹೇಳಿ. ಸಿಬ್ಬಂದಿಗೆ ಕೊಡುವ ಫ್ರಂಟ್ ಎಂಡನ್ನು ಎಸಿಸಿಡಿಇ ರೂಪದಲ್ಲಿ ಸೇವ್ ಮಾಡಿ ಕೊಟ್ಟರೆ ಫಾರಂ, ವರದಿಗಳನ್ನು ಯಾರೂ ಕೆಡಿಸಲಾಗದು. ಆದರೆ ಮೂಲ ಎಸಿಸಿಡಿಬಿ ನಿಮ್ಮಲ್ಲಿ ಭದ್ರವಾಗಿರಲಿ, ಎಸಿಸಿಡಿಇಯಿಂದ ಹಿಂದಕ್ಕೆ ಬರುವ ದಾರಿಯಿಲ್ಲ. 'ಕರೆಂಟ್ ಡೇಟಾಬೇಸ್' ಆಯ್ಕೆಗಳಲ್ಲಿ ನ್ಯಾವಿಗೇಷನ್ ಪೇನ್ (ಎಡಗಡೆಯ ಆ ಪಟ್ಟಿ) ಅಡಗಿಸಿ, 'ಸ್ಪೆಷಲ್ ಕೀಸ್' ಗುರುತು ತೆಗೆಯಿರಿ, ಶಿಫ್ಟ್ ಕೀ ದಾರಿಯನ್ನು ಕೋಡ್ ಬಲ್ಲವರಿಂದ ಮುಚ್ಚಿಸಿ. ಟೇಬಲ್ ತೆರೆದು ತಪ್ಪು ಸಾಲು ಅಳಿಸುವುದು ಇದರಿಂದ ನಿಲ್ಲುತ್ತದೆ. ಬುದ್ಧಿವಂತರನ್ನು ಇದು ಸ್ವಲ್ಪ ಹೊತ್ತು ತಡಮಾಡಿಸುತ್ತದೆ, ಅಷ್ಟೇ.

ಎಸ್‌ಕ್ಯೂಎಲ್ ಸರ್ವರ್‌ಗೆ ಹೋಗಿ ಎಂದು ನಿಮಗೆ ಯಾರಾದರೂ ಹೇಳುತ್ತಾರೆ. ಅದರ ಎಕ್ಸ್‌ಪ್ರೆಸ್ ಆವೃತ್ತಿ ಉಚಿತ, ಟೇಬಲ್‌ಗಳನ್ನು ಅಲ್ಲಿಗೆ ಸಾಗಿಸಿ ಈಗಿನ ಫಾರಂಗಳನ್ನೇ ಬಳಸಬಹುದು, ಒಬ್ಬೊಬ್ಬರಿಗೂ ಬೇರೆ ಅಧಿಕಾರ ನಿಜವಾಗಿಯೂ ಕೊಡಬಹುದು. ಆದರೆ ಅದನ್ನು ನೋಡಿಕೊಳ್ಳಲು, ಅಪ್‌ಡೇಟ್ ಹಾಕಲು, ಬ್ಯಾಕಪ್ ನಡೆದಿದೆಯೇ ಎಂದು ಪರೀಕ್ಷಿಸಲು ಒಬ್ಬರು ಬೇಕು. ಅಂಥವರು ಇಲ್ಲದ ಕಡೆ ಸರ್ವರ್ ಹಾಕಿಸುವುದು ಈಗಿರುವುದಕ್ಕಿಂತ ಅಪಾಯ. ನಾಲ್ಕು ಕಂಪ್ಯೂಟರು, ಒಂದೇ ಕಟ್ಟಡ, ಸೂಕ್ಷ್ಮ ವಿವರ ಬೇರೆ ಫೋಲ್ಡರಿನಲ್ಲಿ: ಇಷ್ಟಿರುವಾಗ ಆಕ್ಸೆಸ್‌ನಲ್ಲೇ ಇರಿ. ಇನ್ನೊಂದು ಊರಿನ ಶಾಖೆಯಿಂದ ಇಂಟರ್ನೆಟ್ ಮೂಲಕ ತೆರೆಯಬೇಕಾದ ದಿನ ಬಂದರೆ ಆಗ ಬದಲಿಸಲೇಬೇಕು, ಅಷ್ಟು ದೂರಕ್ಕೆ ಆಕ್ಸೆಸ್ ಫೈಲ್ ಬಾಳುವುದಿಲ್ಲ.

ಷೇರ್ ಅನುಮತಿ ನೋಡುವುದು, ಬ್ಯಾಕಪ್, ಕಾಪಿಗಳ ಹುಡುಕಾಟ ಇವನ್ನು ಈ ವಾರವೇ ನೀವೇ ಮಾಡಬಹುದು. ಸೀಳುವುದು, ಎನ್‌ಕ್ರಿಪ್ಟ್, ರಿಯಾಯಿತಿ ಟೇಬಲ್ ಇವನ್ನು ದಸರಾ ರಜೆಗೆ ಇಟ್ಟುಕೊಳ್ಳಿ, ದಾಖಲಾತಿ ನಡೆಯುವ ಜೂನಿನಲ್ಲಿ ಕೈಹಾಕಬೇಡಿ. ಹೊರಗಿನವರನ್ನು ಕರೆಸಿದರೆ ಕೆಲಸವನ್ನು ಕಚೇರಿಯಲ್ಲೇ, ನಿಮ್ಮ ಎದುರಿಗೇ ಮಾಡಿಸಿ. 'ಫೈಲ್ ಕೊಡಿ, ಮನೆಯಲ್ಲಿ ಮಾಡಿ ತರುತ್ತೇನೆ' ಎಂದರೆ ಹೆಸರು, ನಂಬರುಗಳನ್ನೆಲ್ಲ ಅಳಿಸಿ ನಾಲ್ಕಾರು ಕಲ್ಪಿತ ವಿದ್ಯಾರ್ಥಿಗಳನ್ನು ತುಂಬಿ, 'ಕಂಪ್ಯಾಕ್ಟ್ ಆ್ಯಂಡ್ ರಿಪೇರ್' ಮಾಡಿದ ಕಾಪಿ ಕೊಡಿ. ಅಳಿಸಿದ ಸಾಲುಗಳು ಅದನ್ನು ಮಾಡುವವರೆಗೆ ಫೈಲಿನ ಒಳಗೇ ಉಳಿದಿರುತ್ತವೆ. ಕೊನೆಯ ಪಾಸ್‌ವರ್ಡನ್ನು ಅವರು ಎದ್ದುಹೋದ ಮೇಲೆ ನೀವೇ ಹಾಕಿ.